ಕಣದ ಮೇಲಿನ ಮಂಜು

ನಮ್ಮ ಮನೆಯಲ್ಲಿ ಕಾಫಿ ಕಣದ ಯಜಮಾನಿಕೆ ನನ್ನದು. ತೋಟ ಮಗ ಚಂದ್ರಶೇಖರನದು, ಅಡುಗೆಮನೆ ಸೊಸೆ ರೂಪಶ್ರೀಯದು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಕರೆಂಟಿನವರದು, ಏಕೆಂದರೆ ಅವರು ಮನಸ್ಸು ಮಾಡಿದಾಗ ಮಾತ್ರ ಅದು ತಿರುಗುತ್ತದೆ. ಆದರೆ ಸಿಪ್ಪೆ ಬಿಡಿಸಿ ತೊಳೆದ ಕಾಫಿ ಸಿಮೆಂಟು ಕಣದ ಮೇಲೆ ಬಿತ್ತೆಂದರೆ, ಅಲ್ಲಿಂದ ಒಣಗಿ ಮೂಟೆಗೆ ಹೋಗುವವರೆಗೆ ನಾನು ಹೇಳಿದ್ದೇ ಮಾತು. ಈ ಜಾವಳಿ ಊರಿಗೆ ಸೊಸೆಯಾಗಿ ಬಂದಾಗ ನಮ್ಮತ್ತೆ ಕೊಟ್ಟ ಕೆಲಸ ಇದು. ಬೇರೆ ಮನೆಗಳಲ್ಲಿ ಬೀಗದ ಕೈ ಕೊಡುತ್ತಾರೆ, ನನಗೆ ಕಣ ಕೊಟ್ಟರು. ಅದರ ಬಗ್ಗೆ ನನಗೆ ಜಂಬ ಇದೆ, ಇಲ್ಲ ಅನ್ನುವುದಿಲ್ಲ.

ಈ ಕೆಲಸದಲ್ಲಿ ಕಷ್ಟದ್ದು ಮಂಜು. ಸಂಜೆ ಕಾಫಿಯನ್ನು ಗುಡ್ಡೆ ಹಾಕಿ ಟಾರ್ಪಾಲು ಹೊದಿಸುತ್ತೇವೆ. ಬೆಳಿಗ್ಗೆ ಮಂಜು ಬಿಟ್ಟ ಮೇಲೆ ತೆಗೆದು ಹರಡುತ್ತೇವೆ. ಅವಸರ ಮಾಡಿದರೆ ಮಂಜಿನ ನೀರು ಕಾಳಿಗಿಳಿಯುತ್ತದೆ. ತಡ ಮಾಡಿದರೆ ಹಸಿ ಕಾಳು ಟಾರ್ಪಾಲಿನ ಕೆಳಗೇ ಕಾವು ಬಂದು ಬೂಷ್ಟು ಹಿಡಿಯುತ್ತದೆ. ಗಡಿಯಾರ ನೋಡಿ ಮಾಡುವ ಕೆಲಸ ಅಲ್ಲ. ಜಗಲಿಯಲ್ಲಿ ಕುಳಿತು ಕೆಳಗಿನ ಕಣದಾಚೆ ಇರುವ ಸಿಲ್ವರ್ ಮರಗಳ ಸಾಲನ್ನು ನೋಡಬೇಕು. ಬುಡದಿಂದ ತುದಿಯವರೆಗೆ ಮರ ನಿಚ್ಚಳವಾಗಿ ಕಂಡಿತೋ, ಮಂಜು ಬಿಟ್ಟಿತು.

ನನ್ನ ಜೊತೆಗೆ ಯಲ್ಲಮ್ಮ ಇದ್ದಳು. ನಾನು ಈ ಮನೆಗೆ ಬಂದ ಹೊಸತರಲ್ಲೇ ಅವಳೂ ನಮ್ಮ ತೋಟದ ಆಳುಗಳ ಲೈನ್ ಮನೆಗೆ ಬಂದವಳು. ಇಬ್ಬರೂ ಕಣದ ಮೇಲೇ ಮುದುಕಿಯರಾದೆವು. ಕಣದ ಹೆಂಗಸರಿಗೆ ಅವಳೇ ಮೇಸ್ತ್ರಿ. ಬೆಳಿಗ್ಗೆ ಬಂದು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂರುವಳು. ಕಾಫಿ ಕುಡಿಯುತ್ತಾ ನಾನು ಕೇಳುವೆ, "ಮಂಜು ಬಿಡ್ತೇನೇ ಯಲ್ಲಮ್ಮ?" ಅವಳು ಕತ್ತು ಚಾಚಿ ನೋಡಿ, "ಇನ್ನೂ ಇದೆ ಅಮ್ಮ" ಅನ್ನುವಳು. ಇಬ್ಬರಿಗೂ ಒಂದೇ ಅನ್ನಿಸಿದ ಮೇಲೆಯೇ ಟಾರ್ಪಾಲಿಗೆ ಕೈ ಹಾಕುವುದು. ನಮ್ಮ ಮನೆಯ ಹಿಂದೆಯೇ ಗುಡ್ಡ ಇರುವುದರಿಂದ ಕಣಕ್ಕೆ ಬಿಸಿಲು ಬಂದು ಎಷ್ಟು ಹೊತ್ತಾದರೂ ಜಗಲಿ, ಮೆಟ್ಟಿಲು ನೆರಳಲ್ಲೇ ಇರುತ್ತವೆ, ತಣ್ಣಗೆ ಕೊರೆಯುತ್ತವೆ. ಅಲ್ಲಿ ಕುಳಿತವರು ಬಿಸಿಲನ್ನು ಕಣ್ಣಲ್ಲೇ ನೋಡಬೇಕು, ಮೈಗೆ ಗೊತ್ತಾಗುವುದಿಲ್ಲ.

ತೊಂಬತ್ತೆಂಟನೇ ಇಸವಿಯಲ್ಲಿ ಮಂಜು ವಿಪರೀತವಾಗಿತ್ತು. ಹಾಗಂತ ನಾನು ತಿಳಿದಿದ್ದೆ. ನವೆಂಬರ್ ತಿಂಗಳು, ಮೊದಲು ಹಣ್ಣಾದದ್ದನ್ನಷ್ಟೇ ಆರಿಸಿ ಕುಯ್ಯುವ ಸಣ್ಣ ಕುಯ್ಲು ನಡೆಯುತ್ತಿತ್ತು. ಹತ್ತು ಗಂಟೆಯಾದರೂ ಸಿಲ್ವರ್ ಮರ ಕಾಣುತ್ತಿರಲಿಲ್ಲ. ಕೊನೆಗೆ ಕಾದು ಸಾಕಾಗಿ, ಮಧ್ಯಾಹ್ನದ ಹೊತ್ತಿಗೆ ಅಂದಾಜಿನ ಮೇಲೆ ಟಾರ್ಪಾಲು ತೆಗೆಸುತ್ತಿದ್ದೆ. ಬಂದವರಿಗೆಲ್ಲ ಮಂಜಿನ ಮೇಲೆ ದೂರು ಹೇಳುತ್ತಿದ್ದೆ. ಕಾಡು ಕಡಿದದ್ದಕ್ಕೇ ಹೀಗಾಗಿದೆ ಎಂದು ನನ್ನದೇ ಒಂದು ಸಿದ್ಧಾಂತವನ್ನೂ ಮಾಡಿಟ್ಟುಕೊಂಡಿದ್ದೆ. ಕೇಳಿದವರು ಹೂಂಗುಟ್ಟುತ್ತಿದ್ದರು.

ಒಂದು ದಿನ ಪಕ್ಕದ ತೋಟದ ಸೋಮಶೇಖರಪ್ಪನವರು ಬಂದರು. ನಮ್ಮ ಯಜಮಾನರ ಗೆಳೆಯರು, ಯಜಮಾನರು ತೀರಿಕೊಂಡ ಮೇಲೂ ಬರುವುದು ಬಿಟ್ಟವರಲ್ಲ. ಹಿಂದೆ ಯಾವಾಗಲೋ ಎರಡೂ ಕಣ್ಣಿನ ಪೊರೆ ತೆಗೆಸಿ, ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿದ್ದಾರೆ. ಆ ಗಾಜಿನ ಹಿಂದೆ ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತದೆಂದರೆ, ಕ್ಷೇಮ ವಿಚಾರಿಸಿದರೂ ಗದರಿಸಿದ ಹಾಗಿರುತ್ತದೆ. ಕೊಡೆ ಮಡಿಸಿ, ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿದರು.

"ಏನ್ ಸಾವಿತ್ರಮ್ಮನೋರೆ, ಇವತ್ತು ಕಣಕ್ಕೆ ರಜವಾ? ಬಿಸ್ಲು ಹೀಗೆ ಸುಡ್ತಿದೆ, ಟಾರ್ಪಾಲೇ ತೆಗ್ಸಿಲ್ಲ?"

"ಮಂಜು ಬಿಡ್ಲಿ ಅಂತ ಕಾಯ್ತಿದೀನಿ," ಅಂದೆ.

ಅವರು ಜೋರಾಗಿ ನಕ್ಕರು. ನಾನು ತಮಾಷೆ ಮಾಡಿದೆ ಅಂದುಕೊಂಡರು. ನಾನು ನಗದೆ ಇದ್ದದ್ದು ನೋಡಿ ನಗು ನಿಲ್ಲಿಸಿದರು. "ಎಲ್ಲಿದೆ ಮಂಜು?" ಅಂದಾಗ ಧ್ವನಿ ಇಳಿದಿತ್ತು.

"ಅಲ್ಲೇ ಇದೆಯಲ್ಲ. ನಿಮಗೆ ಸಿಲ್ವರ್ ಮರ ಕಾಣ್ತದಾ?"

"ಮರ ಹಾಗಿರ್ಲಿ, ಅದರ ಮೇಲೆ ಕೂತಿರೋ ಕಾಗೆ ಕಾಣ್ತದೆ."

ನಾನು ಎದ್ದೆ. ಯಲ್ಲಮ್ಮ ಕೂತಿದ್ದ ಮೆಟ್ಟಿಲು ದಾಟಿ, ಬರಿಗಾಲಲ್ಲಿ ಕಣಕ್ಕಿಳಿದೆ. ನೆತ್ತಿಗೆ ಬಿಸಿಲು ಚುರ್ ಅಂತು. ಸಿಮೆಂಟು ಕಾದು ಕಾಲಿಡಲಾಗಲಿಲ್ಲ. ಕಣ್ಣ ಮುಂದೆ ಮಾತ್ರ ಅದೇ ಬಿಳಿ ಮಂಜು, ಅಲ್ಲಾಡದೆ ನಿಂತಿತ್ತು. ಮಂಜಿನೊಳಗೆ ನಿಂತು ಅಂಗಾಲು ಸುಟ್ಟುಕೊಂಡವಳು ಇಡೀ ಮಲೆನಾಡಿನಲ್ಲಿ ನಾನೊಬ್ಬಳೇ ಇರಬೇಕು.

ಟಾರ್ಪಾಲು ತೆಗೆಸಿದೆ. ಕಣ್ಣಿಗೆ ಕಾಣದಿದ್ದರೂ ಮೂಗು ನೆಟ್ಟಗಿತ್ತು. ಗುಡ್ಡೆಯೊಳಗೆ ಕೈ ಹಾಕಿದರೆ ಬೆಚ್ಚಗಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಆ ಗುಡ್ಡೆ ಪೂರ್ತಿ ಕೆಟ್ಟಿತ್ತು. ನಾನು ಕಣ ನೋಡಿಕೊಂಡ ಇಷ್ಟು ವರ್ಷಗಳಲ್ಲಿ ಬೂಷ್ಟು ಹಿಡಿದ ಕಾಫಿಯನ್ನು ಈ ಮನೆಯವರು ಕಂಡಿರಲಿಲ್ಲ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಮೊದಲು ರೂಪಶ್ರೀಯನ್ನು ಹಿಡಿದೆ. "ನನ್ನ ಕಣ್ಣು ಹೀಗಾಗಿದೆ ಅಂತ ನಿಂಗೆ ಗೊತ್ತಿತ್ತಾ?"

ಅವಳು ಸೆರಗಿನಲ್ಲಿ ಕೈ ಒರೆಸುತ್ತಾ ನಿಂತಳು. "ಸ್ವಲ್ಪ ಗೊತ್ತಿತ್ತು ಅತ್ತೆ. ನೀವು ಆರ್ಸಿಟ್ಟ ಅಕ್ಕೀಲಿ ಕಲ್ಲು ಸಿಗ್ತಿತ್ತು. ನಾನು ಇನ್ನೊಂದ್ಸಲ ಆರ್ಸ್ಕೊಳ್ತಿದ್ದೆ. ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ. ಆದ್ರೆ ಕಣದ್ದು ದೇವ್ರಾಣೆ ಗೊತ್ತಿಲ್ಲ, ನಾನು ಆ ಹೊತ್ತಿಗೆ ಒಲೆ ಮುಂದೆ ಇರ್ತೀನಲ್ಲ."

ಅವಳನ್ನು ಬಿಟ್ಟೆ, ಸುಳ್ಳು ಹೇಳುವವಳಲ್ಲ. ನನ್ನ ಸಿಟ್ಟೆಲ್ಲ ಹೋಗಿ ನಿಂತದ್ದು ಯಲ್ಲಮ್ಮನ ಮೇಲೆ. ದಿನಾ ಬೆಳಿಗ್ಗೆ ನನ್ನ ಜೊತೆ ಕೂತು, ಕತ್ತು ಚಾಚಿ ನೋಡಿ, "ಇನ್ನೂ ಇದೆ ಅಮ್ಮ" ಅಂದವಳು ಅವಳು. ಎದುರಿಗೆ ಬಿಸಿಲು ಕಾಯುತ್ತಿರುವಾಗ ಮಂಜಿದೆ ಅಂದಳಲ್ಲ! ಕುರುಡಿಗೆ ಹೇಳಿ ಏನು ಪ್ರಯೋಜನ, ಹೂಂ ಅಂದರಾಯಿತು ಅಂತ ತಾನೇ? ಬೇರೆ ಯಾರು ನನ್ನ ಸಮಾಧಾನಕ್ಕೆ ಹೂಂ ಅಂದಿದ್ದರೂ ಸಹಿಸುತ್ತಿದ್ದೆ. ಇವಳದ್ದನ್ನು ಸಹಿಸಲಾಗಲಿಲ್ಲ. ಅವತ್ತಿನಿಂದ ಅವಳ ಹತ್ತಿರ ಮಾತು ಬಿಟ್ಟೆ. ಅವಳು ಎಂದಿನಂತೆ ಬಂದು ಮೆಟ್ಟಿಲ ಮೇಲೆ ಕೂರುವಳು, ನಾನು ಮುಖ ತಿರುಗಿಸಿ ಒಳಗೆ ಹೋಗುವೆ.

ರಾತ್ರಿ ಊಟಕ್ಕೆ ಕೂತಾಗ ಚಂದ್ರಶೇಖರ ಮೆಲ್ಲಗೆ ಶುರು ಮಾಡಿದ. ಅವನು ಮೆಲ್ಲಗೆ ಮಾತನಾಡಿದರೆ ಏನೋ ತೀರ್ಮಾನ ಮಾಡಿಬಿಟ್ಟಿದ್ದಾನೆ ಅಂತಲೇ ಅರ್ಥ.

"ಅಮ್ಮ, ದೊಡ್ಡ ಕುಯ್ಲಿಂದ ನಾವು ಹಸಿ ಹಣ್ಣೇ ಮಾರ್ಬಿಡೋಣ ಅಂತಿದೀನಿ. ಬಣಕಲ್‌ನಲ್ಲಿ ತಗೊಳ್ತಾರೆ. ಪಲ್ಪರ್, ತೊಳ್ಯೋದು, ಒಣಗ್ಸೋದು ಯಾವ ತಾಪತ್ರಯನೂ ಇಲ್ಲ."

"ಕಣ?"

"ಕಣ ಎಲ್ಲಿಗೆ ಹೋಗ್ತದೆ? ಅಲ್ಲೇ ಇರ್ತದೆ. ಮೆಣಸು ಒಣಗ್ಸಿದ್ರಾಯ್ತು."

ಅವನು ಕೆಟ್ಟವನಲ್ಲ. ಒಂದು ಮಾತೂ ನನ್ನನ್ನು ಬೈಯಲಿಲ್ಲ, ಕೆಟ್ಟ ಗುಡ್ಡೆಯ ಸುದ್ದಿಯನ್ನೇ ಎತ್ತಲಿಲ್ಲ. ನನಗೆ ಅದೇ ತಡೆಯಲಾಗಲಿಲ್ಲ. ಕಾಫಿ ಇಲ್ಲದ ಕಣ ಹೇಗಾಗುತ್ತದೆಂದು ನಾನು ಸುತ್ತಮುತ್ತ ನೋಡಿದ್ದೇನೆ. ಒಂದು ಮಳೆಗಾಲಕ್ಕೆ ಪಾಚಿ, ಎರಡನೆಯದಕ್ಕೆ ಬಿರುಕಿನಲ್ಲಿ ಹುಲ್ಲು, ಆಮೇಲೆ ಜೀಪು ನಿಲ್ಲಿಸುವ ಜಾಗ. ಕಣದ ಜೊತೆ ನಾನೂ ಮೂಲೆ ಸೇರುತ್ತೇನೆ, ಹೊತ್ತು ಹೊತ್ತಿಗೆ ಊಟ ಕೊಡುತ್ತಾರೆ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ.

"ದೊಡ್ಡ ಕುಯ್ಲಿಗೆ ನನ್ನ ಕಣ್ಣು ಸರಿಯಾಗಿದ್ರೆ?" ಅಂದೆ.

"ಸರಿಯಾಗಿದ್ರೆ ಆಯ್ತಲ್ಲ, ಕಣ ನಿಂದೇ."

"ಮಾತಾ?"

"ಮಾತು. ಆದ್ರೆ ಅಮ್ಮ, ಈಗೆಲ್ಲಿ ಆಪರೇಶನ್ನು? ಕುಯ್ಲು ಮುಗೀಲಿ."

ಕುಯ್ಲು ಮುಗಿದರೆ ಕಾಳುಮೆಣಸು. ಮೆಣಸಾದ ಮೇಲೆ ಕಾಫಿ ಹೂ ಅರಳಿಸುವ ಮಳೆಗೆ ಕಾಯಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್ ಎಳೆದಾಡಬೇಕು. ಆಮೇಲೆ ಯುಗಾದಿ. ಆಮೇಲೆ ಗೊಬ್ಬರ, ನೆರಳಿನ ಮರದ ಕೊಂಬೆ ಕಡಿಯುವುದು. ಅಷ್ಟರಲ್ಲಿ ಮಳೆ ಹಿಡಿದರೆ, ಈ ಥಂಡಿಯಲ್ಲಿ ಕಣ್ಣಿಗೆ ಕತ್ತರಿ ಹಾಕಿಸ್ತಾರಾ ಅಂತ ಎಲ್ಲರೂ ಬಾಯಿ ಬಡಿದುಕೊಳ್ಳುತ್ತಾರೆ. ಮಳೆ ಬಿಟ್ಟರೆ ಮತ್ತೆ ಕುಯ್ಲು. ಕಾಫಿ ನಾಡಿನಲ್ಲಿ ಗಿಡಕ್ಕೆ, ಮಣ್ಣಿಗೆ, ದನಕ್ಕೆ ಎಲ್ಲಕ್ಕೂ ಒಂದೊಂದು ತಿಂಗಳಿದೆ. ಮುದುಕಿಯ ಕಣ್ಣಿಗೆ ಅಂತ ಒಂದೂ ಇಲ್ಲ.

ಸೋಮಶೇಖರಪ್ಪನವರದ್ದು ಇನ್ನೊಂದು ರಾಗ. "ಪೊರೆ ಬಲೀಬೇಕು ಸಾವಿತ್ರಮ್ಮನೋರೆ. ಎಳೇದ್ರಲ್ಲಿ ತೆಗೆಸ್ಬಾರ್ದು. ನನಗೆ ಕೈ ಬೆರಳು ಕಾಣದ ಹಾಗೆ ಆದ್ಮೇಲೇ ಡಾಕ್ಟ್ರು ಕತ್ತರಿ ಹಿಡಿದದ್ದು. ನಿಮ್ಮದು ಇನ್ನೂ ಎಷ್ಟೋ ವಾಸಿ."

"ಬಲಿಯೋ ತನಕ ಏನ್ ಮಾಡ್ಲಿ?"

"ಕಾಯೋದು."

ಕಾಯುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಕಣದ ಕೆಲಸ ಅಂದರೆ ಅರ್ಧ ಕಾಯುವುದೇ. ಆದರೆ ಕಾಯುವುದಕ್ಕೂ ಒಂದು ಕೊನೆ ಇರುತ್ತದೆ, ಆ ಕೊನೆ ತಪ್ಪಿದರೆ ಟಾರ್ಪಾಲಿನ ಕೆಳಗಿನ ಮಾಲು ಏನಾಗುತ್ತದೆ ಅಂತ ಮೊನ್ನೆಯಷ್ಟೇ ಮೂಸಿ ನೋಡಿದ್ದೆ.

ಮಾರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಯಾರನ್ನೂ ಕೇಳಲಿಲ್ಲ, ಹೇಳಿದೆ ಅಷ್ಟೆ. ಗೇಟು ದಾಟುವಾಗ ಹಿಂದಿನಿಂದ ಚಪ್ಪಲಿ ಸದ್ದು ಕೇಳಿತು. ರೂಪಶ್ರೀ ಸೀರೆಯ ಮೇಲೆ ಸ್ವೆಟರ್ ಸಿಕ್ಕಿಸಿಕೊಳ್ಳುತ್ತಾ ಓಡಿ ಬಂದಳು. "ತಿಂಡಿ ಮಾಡಿಟ್ಟಿದೀನಿ, ಅವರೇ ಹಾಕ್ಕೊಂಡು ತಿಂತಾರೆ," ಅಂದಳು. ಆ ಹುಡುಗಿಯ ಮೇಲೆ ನನಗೆ ಪ್ರೀತಿ ಉಕ್ಕಿತು. ಬಸ್ ಸ್ಟಾಪಿನಲ್ಲಿ ಸುತ್ತ ಬೆಳ್ಳಗಿತ್ತು.

"ರೂಪಾ, ಇದು ನಿಜವಾದ ಮಂಜಾ? ನನ್ನದಾ?"

"ನಿಜದ್ದೇ ಅತ್ತೆ. ನನಗೂ ರಸ್ತೆ ಕಾಣ್ತಿಲ್ಲ."

ಆಗ ಎಷ್ಟು ಸಮಾಧಾನವಾಯಿತೆಂದರೆ, ಬಸ್ಸು ಬರುವವರೆಗೂ ಆ ಮಂಜಿನಲ್ಲಿ ನೆಮ್ಮದಿಯಾಗಿ ನಿಂತಿದ್ದೆ.

ಚಿಕ್ಕಮಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಹೆಂಗಸು, ನನಗೆ ಮಗಳಾಗುವ ವಯಸ್ಸು. ಕಣ್ಣಿಗೆ ಹನಿ ಹಾಕಿ, ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ, ಬೆಳಕು ಬಿಟ್ಟು ನೋಡಿದರು. ಎರಡೂ ಕಣ್ಣಲ್ಲಿ ಪೊರೆ ಇದೆ, ಬಲಗಣ್ಣಿನದು ಹೆಚ್ಚು ಅಂದರು.

"ಬಲಿತಿದೆಯಾ?" ಅಂದೆ.

ಅವರು ನಕ್ಕರು. "ಬಲಿಯೋಕೆ ಕಾಯೋದು ಹಿಂದಿನ ಪದ್ಧತಿ ಅಮ್ಮ. ಆಗಿನ ಆಪರೇಶನ್ನಿಗೆ ಅದೇ ಸರಿ ಇತ್ತು. ಈಗ ಒಳಗೇ ಲೆನ್ಸ್ ಕೂರಿಸ್ತೀವಿ, ದಪ್ಪ ಕನ್ನಡಕ ಬೇಕಾಗಲ್ಲ. ತುಂಬಾ ಬಲಿತು ಗಟ್ಟಿಯಾದ್ರೆ ತೆಗೆಯೋದು ಕಷ್ಟ, ಕೆಲವರಿಗೆ ಕಣ್ಣಿಗೇ ತೊಂದ್ರೆ ಆಗುತ್ತೆ."

"ಹಾಗಾದ್ರೆ ಯಾವಾಗ ಮಾಡಿಸ್ಬೇಕು?"

"ಅದನ್ನ ನೀವೇ ನನಗೆ ಹೇಳ್ಬೇಕು. ನಿಮ್ಮ ಕೆಲಸಕ್ಕೆ ಅಡ್ಡಿ ಆಗ್ತಿದ್ರೆ ಈಗಲೇ. ಆಗ್ತಿಲ್ಲ ಅಂದ್ರೆ ಇನ್ನೂ ಸ್ವಲ್ಪ ದಿನ ಬಿಟ್ಟು ನೋಡಬಹುದು. ನೀವು ಏನು ಕೆಲಸ ಮಾಡ್ತೀರಿ?"

ಈ ವಿಷಯದಲ್ಲಿ ಇಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲರೂ ತಂತಮ್ಮ ಕೆಲಸ ಯಾವಾಗ ಮುಗಿಯುತ್ತದೆ ಅಂತ ಹೇಳಿದ್ದರು.

"ಮಂಜು ಬಿಡ್ತಾ ಇಲ್ವಾ ಅಂತ ನೋಡೋದು ನನ್ನ ಕೆಲಸ," ಅಂದೆ.

ಅವರು ಪೆನ್ನು ಕೆಳಗಿಟ್ಟರು. ಕೆಟ್ಟ ಗುಡ್ಡೆಯ ಕತೆಯನ್ನೆಲ್ಲ ಹೇಳಿದೆ. ಕೇಳಿ ಮುಗಿಸಿ, "ಹಾಗಾದ್ರೆ ತೀರ್ಮಾನ ಆಗಿಹೋಗಿದೆಯಲ್ಲ," ಅಂದರು. ಬರುವ ಬುಧವಾರ ಒಂದು ಜಾಗ ಇದೆ, ಬಿಟ್ಟರೆ ಸಂಕ್ರಾಂತಿ ಕಳೆಯಬೇಕು ಅಂದರು. ಮೊದಲು ಬಲಗಣ್ಣು, ಅದು ಮಾಗಿದ ಮೇಲೆ ಎಡದ್ದು. ಹೊಗೆ, ಧೂಳು, ಭಾರ ಎತ್ತುವುದು ಬೇಡ, ತಲೆಗೆ ನೀರು ಬೇಡ. ಜಗಲಿಯಲ್ಲಿ ಕೂತು ನೋಡುವುದಕ್ಕೆ ಅಡ್ಡಿ ಇಲ್ಲ.

"ಬುಧವಾರ," ಅಂದೆ.

ಮನೆಯಲ್ಲಿ ದೊಡ್ಡ ರಾದ್ಧಾಂತವೇನೂ ಆಗಲಿಲ್ಲ. ಚಂದ್ರಶೇಖರ ಒಂದಷ್ಟು ಹೊತ್ತು ಅತ್ತಿಂದಿತ್ತ ಓಡಾಡಿದ. "ಹಠ ಮಾಡ್ಬೇಡ ಅಮ್ಮ," ಅಂದ. "ಹಠನೇ ಮಾಡ್ತಿರೋದು," ಅಂದೆ. ನಾನು ಇಲ್ಲದಾಗ ಕಣ ಯಾರು ನೋಡುವುದು ಅಂತ ಕೇಳಿದ. ಸಣ್ಣ ಕುಯ್ಲಿನ ಮಾಲು ಇನ್ನೊಂದಷ್ಟು ಒಣಗಬೇಕಿತ್ತು. ಯಲ್ಲಮ್ಮ ಆಗ ಅಂಗಳದಲ್ಲೇ ಮೊರ ಹಿಡಿದು ನಿಂತಿದ್ದಳು. ಅವಳಿಗೆ ಕೇಳಲಿ ಅಂತಲೇ ದನಿ ಎತ್ತರಿಸಿದೆ.

"ರೂಪಾ ಬೆಳಿಗ್ಗೆ ನಿನಗೆ ತಿಂಡಿ ಕೊಟ್ಟು ಕಣಕ್ಕೆ ಬರ್ತಾಳೆ. ನನ್ನನ್ನ ಅಡ್ಮಿಟ್ ಮಾಡೋ ದಿನ ನೀನೇ ನೋಡ್ಕೊ. ಉಳಿದ ದಿನ ಮಂಜು ಅವಳೇ ನೋಡ್ಲಿ. ಬೇರೆ ಯಾರನ್ನೂ ಕೇಳೋದು ಬೇಡ."

ಯಲ್ಲಮ್ಮ ಮೊರ ಕೆಳಗಿಟ್ಟು ಲೈನಿನ ಕಡೆ ಹೋದಳು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಹಾಗಂತ ವಾಪಸು ಕರೆಯಲೂ ಇಲ್ಲ.

ಆಪರೇಶನ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಹೆದರಿಕೆ ಇತ್ತು. ಕಣ್ಣಿನ ಬದಿಗೆ ಸೂಜಿ ಚುಚ್ಚಿದಾಗ ಮನೆದೇವರ ಹೆಸರೆಲ್ಲ ಬಂದುಹೋಯಿತು. ಆಮೇಲೆ ನೋವಿಲ್ಲ, ಬರೀ ಬೆಳಕು, ಡಾಕ್ಟರ ಮಾತು, ಯಾವುದೋ ಸಣ್ಣ ಸಾಮಾನಿನ ಸದ್ದು. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಕಿಟಕಿಯಾಚೆಯ ಆಕಾಶ. ನೀಲಿ ಅಂದರೆ ಹಾಗಿರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಆಮೇಲೆ ರೂಪಶ್ರೀಯ ಮುಖ ಕಂಡಿತು. ಕೆನ್ನೆ ಇಳಿದಿತ್ತು, ಕಣ್ಣ ಕೆಳಗೆ ಕಪ್ಪು ಬಂದಿತ್ತು. "ಇಷ್ಟು ಸೊರಗಿದೀಯಲ್ಲೇ, ನನಗೆ ಗೊತ್ತೇ ಆಗಿಲ್ಲ," ಅಂದೆ. ಅವಳು ನಕ್ಕು, ನಗುತ್ತಲೇ ಕಣ್ಣೊರೆಸಿಕೊಂಡಳು.

ಮನೆಗೆ ಬಂದ ಮೇಲೆ ನನ್ನನ್ನು ಒಳಕೋಣೆಯಲ್ಲಿ ಕೂರಿಸಿ, ಹೊತ್ತು ಹೊತ್ತಿಗೆ ಹನಿ ಹಾಕಿ, ಜಗಲಿಯ ಕಡೆ ಸುಳಿಯಲೂ ಬಿಡಲಿಲ್ಲ. ಮತ್ತೆ ತೋರಿಸಲು ಹೋದಾಗ ಡಾಕ್ಟರು ಚೆನ್ನಾಗಿ ಮಾಗಿದೆ, ಕಪ್ಪು ಕನ್ನಡಕ ಹಾಕಿಕೊಂಡು ಹೊರಗೆ ಕೂರಬಹುದು ಅಂದರು. ಆ ಹೊತ್ತಿಗೆ ದೊಡ್ಡ ಕುಯ್ಲು ಶುರುವಾಗಿತ್ತು. ಚಂದ್ರಶೇಖರ ಮಾತಿಗೆ ತಪ್ಪಲಿಲ್ಲ. ಹಣ್ಣು ಬಣಕಲ್ಲಿಗೆ ಹೋಗದೆ ನಮ್ಮ ಪಲ್ಪರ್ ಮನೆಗೇ ಬಂತು.

ಮಾರನೆಯ ದಿನ ಬೆಳಿಗ್ಗೆ ಜಗಲಿಗೆ ಬಂದು ನನ್ನ ಜಾಗದಲ್ಲಿ ಕೂತೆ. ಮೊದಮೊದಲು ಮಂಜಿತ್ತು, ನಿಜವಾದದ್ದು. ಅದು ಕದಲುತ್ತಿತ್ತು. ನನ್ನ ಮಂಜು ಒಂದು ದಿನವೂ ಕದಲಿರಲಿಲ್ಲ ಅನ್ನುವುದು ನನಗೆ ಆಗ ಹೊಳೆಯಿತು. ನೋಡುತ್ತಿದ್ದಂತೆ ಸಿಲ್ವರ್ ಮರಗಳ ತುದಿ ಕಂಡಿತು, ಆಮೇಲೆ ನಡು, ಆಮೇಲೆ ಬುಡ. ಬುಡದಲ್ಲಿ ಹಬ್ಬಿದ ಮೆಣಸಿನ ಬಳ್ಳಿಯ ಎಲೆಗಳೂ ಕಂಡವು. ಕಣದ ಮೇಲೆ ಬಿಸಿಲು ಬಿದ್ದು, ಟಾರ್ಪಾಲಿನ ಮೇಲಿನ ಇಬ್ಬನಿ ಹೊಗೆಯಾಡತೊಡಗಿತು. ಕಪ್ಪು ಕನ್ನಡಕದ ಕೆಳಗೆ ನನ್ನ ಕಣ್ಣು ತುಂಬಿತು. ಕಣ ಉಳಿದಿತ್ತು.

"ತೆಗೀರೇ!" ಅಂತ ಕೂಗಿದೆ. ಗೋದಾಮಿನ ಹತ್ತಿರ ಕೂತಿದ್ದ ಹೆಂಗಸರು ಎದ್ದು ಓಡಿದರು. ಯಲ್ಲಮ್ಮನ ಮಗಳು ಅರುಣಾ ಎಲ್ಲರಿಗಿಂತ ಮುಂದಿದ್ದಳು.

ಯಲ್ಲಮ್ಮ ಮಾತ್ರ ತನ್ನ ಮೆಟ್ಟಿಲ ಮೇಲೇ ಕೂತಿದ್ದಳು. ಒಂದು ಮಾತಿಲ್ಲದೆ ಇಷ್ಟು ದಿನವೂ ಬಂದು ಅಲ್ಲೇ ಕೂರುತ್ತಿದ್ದಳಂತೆ. ನನ್ನ ಎದೆಯಲ್ಲಿ ಕೂಡಿಟ್ಟುಕೊಂಡಿದ್ದ ಸಿಟ್ಟು ಆಗ ಹೊರಗೆ ಬಂತು.

"ಯಲ್ಲಮ್ಮ, ಇಲ್ಲಿ ಬಾ."

ಅವಳು ಎದ್ದು ಮೇಲೆ ಬಂದಳು. ಬರುವಾಗ ಒಂದೊಂದು ಮೆಟ್ಟಿಲನ್ನೂ ಕಾಲ ಬೆರಳಿನಿಂದ ತಡವಿ, ಇದೆ ಅಂತ ಗೊತ್ತು ಮಾಡಿಕೊಂಡು ಹತ್ತಿದಳು. ಸಿಟ್ಟಿನಲ್ಲಿದ್ದ ನಾನು ಅದನ್ನು ನೋಡಿಯೂ ಗಮನಿಸಲಿಲ್ಲ.

"ನಿನಗೆ ನಾನು ಏನು ಅನ್ಯಾಯ ಮಾಡಿದ್ದೆ? ಅಷ್ಟು ದಿನ ಬಿಸ್ಲು ಕಾಯ್ತಿದ್ರೂ ಮಂಜಿದೆ ಅಂತ ಯಾಕೆ ಸುಳ್ಳು ಹೇಳ್ದೆ?"

ಅವಳಿಗೆ ನಾನು ಕೇಳಿದ್ದೇ ಅರ್ಥವಾಗಲಿಲ್ಲ.

"ಸುಳ್ಳು ಯಾಕೆ ಹೇಳ್ಲಿ ಅಮ್ಮ?" ಅಂದಳು. ಕಣದ ಕಡೆ ತಿರುಗಿ, ಕತ್ತು ಚಾಚಿ, ಎಂದಿನ ಹಾಗೆಯೇ ನೋಡಿದಳು. "ಇವತ್ತೂ ಇದೆಯಲ್ಲ. ಈ ಮಂಜಲ್ಲಿ ಅಮ್ಮ ಯಾಕೆ ತೆಗೀರಿ ಅಂದ್ರು ಅಂತ ನಾನು ಆಗ್ಲಿಂದ ಯೋಚ್ನೆ ಮಾಡ್ತಿದೀನಿ."

ಕಣದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ನಾನು ಕಪ್ಪು ಕನ್ನಡಕ ತೆಗೆದೆ. ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದೆ. ಒಂದೊಂದು ಕಣ್ಣಿನ ನಡುವೆಯೂ, ಕಪ್ಪಿರಬೇಕಾದಲ್ಲಿ, ಅಕ್ಕಿ ತೊಳೆದ ನೀರಿನಂಥ ಬಿಳುಪು ಕೂತಿತ್ತು. ನನ್ನದಕ್ಕಿಂತ ಎಷ್ಟೋ ಹೆಚ್ಚು. ನಾವಿಬ್ಬರೂ ಅಕ್ಕಪಕ್ಕ ಕೂತು, ಒಬ್ಬರ ಮಾತಿಗೊಬ್ಬರು ತಲೆಯಾಡಿಸಿ, ಇಲ್ಲದ ಮಂಜನ್ನು ಇದೆ ಇದೆ ಅಂತ ನಂಬಿಕೊಂಡಿದ್ದೆವು. ನನಗೆ ಅವಳು ಸಾಕ್ಷಿ, ಅವಳಿಗೆ ನಾನು. ಒಂದು ತಿಂಗಳು ನಾನು ಅವಳ ಮುಖ ನೋಡಿರಲಿಲ್ಲ. ಅದಕ್ಕೂ ಮೊದಲಾದರೂ ಸರಿಯಾಗಿ ನೋಡಿದ್ದೆನೇ? ನನಗೆ ಯಾರೂ ಹೇಳಲಿಲ್ಲ ಅಂತ ಮನೆಯೆಲ್ಲ ಕುಣಿದಾಡಿದ್ದೆ. ಇವಳಿಗೆ ಹೇಳುವವರು ಯಾರಿದ್ದರು? ನನಗೆ ದುಃಖ ಒತ್ತರಿಸಿ ಬಂತು.

ಅರುಣಾಳನ್ನು ಕೂಗಿ ಕರೆದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಬಂದಳು.

"ನಿಂಗೆ ಗೊತ್ತಿತ್ತೇನೇ?"

"ಗೊತ್ತಿತ್ತು ಅಮ್ಮ. ಮಂಜಿಲ್ಲ ಅಂತ ನಾವು ಒಂದ್ಸಲ ಹೇಳಿದ್ವಿ. 'ಅಮ್ಮನೂ ಇದೆ ಅಂತಾರೆ, ನಾನೂ ಇದೆ ಅಂತೀನಿ, ನಿನ್ನೆ ಮೊನ್ನೆ ಹುಟ್ಟಿದೋಳು ನೀನು ಬಂದ್ಯಾ' ಅಂತ ಬೈದ್ಲು. ಆಸ್ಪತ್ರೆಗೆ ಬಾ ಅಂದ್ರೆ, ಪೊರೆ ಇನ್ನೂ ಎಳೇದು, ಬಲೀಲಿ ಅಂತಾಳೆ."

"ಹೂಂ ಮತ್ತೆ," ಅಂದಳು ಯಲ್ಲಮ್ಮ. "ಬಲೀಲಿ ಅಮ್ಮ. ಈಗೆಂಥ ಅವಸರ? ಕುಯ್ಲು ಮುಗೀಲಿ. ಆಮೇಲೆ ನೋಡುವ."

ಅವಳ ಬಾಯಿಂದ ಆ ಮಾತು ಕೇಳಿ ನನಗೆ ನಗಬೇಕೋ ಅವಳ ತಲೆಗೆ ಮೊಟಕಬೇಕೋ ತಿಳಿಯಲಿಲ್ಲ.

"ರೂಪಾ, ಆಸ್ಪತ್ರೆಗೆ ಫೋನ್ ಮಾಡು," ಅಂದೆ.

ರೂಪಶ್ರೀ ಫೋನಿನ ಹತ್ತಿರ ನಿಂತು ಮಾತನಾಡುವಷ್ಟರಲ್ಲಿ ಚಂದ್ರಶೇಖರ ಪಲ್ಪರ್ ಮನೆಯಿಂದ ಬಂದ. ಸುದ್ದಿ ಕೇಳಿ ಅವನೂ ಬೆಚ್ಚಿದ. ರೂಪಶ್ರೀ ಫೋನಿಗೆ ಕೈ ಅಡ್ಡ ಹಿಡಿದು ಹೇಳಿದಳು, "ಈ ಬುಧವಾರ ಯಾರೋ ಬರಲ್ವಂತೆ, ಒಂದು ಜಾಗ ಇದೆಯಂತೆ. ನಾಳೆನೇ ಬಂದು ಪರೀಕ್ಷೆ ಎಲ್ಲ ಮಾಡಿಸ್ಬೇಕು. ಬಿಟ್ರೆ ಸಂಕ್ರಾಂತಿ ಕಳೀಬೇಕಂತೆ."

"ಸಂಕ್ರಾಂತಿ ಕಳೀಲಿ," ಅಂದ ಚಂದ್ರಶೇಖರ. "ಮಾಡಿಸ್ಲೇಬೇಕು ಅಮ್ಮ, ಬೇಡ ಅಂತಿಲ್ಲ. ಆದ್ರೆ ಹಣ್ಣು ರಾಶಿ ರಾಶಿ ಬರ್ತಿದೆ. ಯಲ್ಲಮ್ಮ ಹೋದ್ರೆ ಅರುಣಾ ಜೊತೆಗೆ ಹೋಗ್ಬೇಕು. ನೀನು ಹೋಗ್ದೆ ಇರಲ್ಲ. ನಿನ್ನ ಜೊತೆ ರೂಪಾ. ಕಣ ಯಾರು ನೋಡ್ತಾರೆ?"

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಕಣದ ಕಡೆ ನೋಡಿದೆ. ಹರಡಿದ ಕಾಫಿ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಇದಕ್ಕಾಗಿಯೇ ಹಠ ಮಾಡಿ ಕಣ್ಣಿಗೆ ಸೂಜಿ ಚುಚ್ಚಿಸಿಕೊಂಡಿದ್ದೆ. ಬಂದು ಕೂತು ಒಂದು ಬೆಳಿಗ್ಗೆಯೂ ಪೂರ್ತಿ ಆಗಿರಲಿಲ್ಲ.

"ಈ ವಾರದ ಹಣ್ಣು ಬಣಕಲ್ಲಿಗೆ ಕೊಟ್ಬಿಡು," ಅಂದೆ.

"ಏನಂದೆ?"

"ಹಣ್ಣೇ ಕೊಡು ಅಂದೆ. ಈಗ ಹರಡಿರೋದನ್ನ ನೀನೇ ನೋಡ್ಕೊ. ಅವಳ ಕಣ್ಣು ಸರಿಯಾದ್ಮೇಲೆ ಮತ್ತೆ ಕಣ ನಡೀತದೆ."

ಯಲ್ಲಮ್ಮ ಅಡ್ಡ ಬಾಯಿ ಹಾಕಿದಳು. "ಬೇಡ ಅಮ್ಮ. ನನಗೋಸ್ಕರ ಹಣ್ಣು ಕೊಡೋದಾ? ಕಣ ಖಾಲಿ ಬಿಡೋದಾ? ನಾನು ತಡಕೊಂಡು ಮಾಡ್ತೀನಿ, ನನಗೇನೂ ತೊಂದ್ರೆ ಇಲ್ಲ."

"ನಿನ್ನನ್ನ ಯಾರು ಕೇಳಿದ್ರು? ಸುಮ್ನಿರು," ಅಂದೆ. ಒಂದು ತಿಂಗಳಾದ ಮೇಲೆ ಅವಳನ್ನು ಮನಸ್ಸು ಬಿಚ್ಚಿ ಬೈದದ್ದು ಅದೇ. ಅವಳ ಮುಖ ಅರಳಿತು. ಚಂದ್ರಶೇಖರ ನಮ್ಮಿಬ್ಬರನ್ನೂ ನೋಡಿ, ತಲೆ ಕೆರೆದುಕೊಂಡು, ಬಣಕಲ್ಲಿಗೆ ಫೋನ್ ಮಾಡಲು ಒಳಗೆ ಹೋದ.

ಮರುದಿನ ಮೊದಲ ಬಸ್ಸಿಗೆ ನಾವು ನಾಲ್ವರೂ ರಸ್ತೆಯಲ್ಲಿ ನಿಂತಿದ್ದೆವು. ರೂಪಶ್ರೀ, ಅರುಣಾ ಹಿಂದೆ ಚೀಲ ಹಿಡಿದು ಏನೋ ಮಾತನಾಡುತ್ತಿದ್ದರು. ಯಲ್ಲಮ್ಮ ನನ್ನ ಪಕ್ಕದಲ್ಲಿ ಒಗೆದ ಸೀರೆ ಉಟ್ಟು, ಕೈ ಮುದುಡಿಕೊಂಡು ನಿಂತಿದ್ದಳು. ಹೆದರಿದ್ದಳು. ಅವಳ ಕೈ ಹಿಡಿದುಕೊಂಡೆ.

"ಅಮ್ಮ, ಮಂಜು ಬಿಡ್ತಾ?" ಅಂದಳು.

ಇಷ್ಟು ವರ್ಷ ಅವಳನ್ನು ನಾನು ಕೇಳುತ್ತಿದ್ದ ಪ್ರಶ್ನೆಯನ್ನು ಮೊದಲ ಸಲ ಅವಳು ನನ್ನನ್ನು ಕೇಳಿದಳು. ನಾನು ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ರಸ್ತೆಯ ಉದ್ದಕ್ಕೂ ಸರಿಯಾಗಿ ನೋಡಿದೆ.

"ಇನ್ನೂ ಇದೆ ಕಣೇ. ಇದು ನಿಜದ್ದು. ಮೂಡಿಗೆರೆ ದಾಟೋದ್ರೊಳಗೆ ಬಿಡ್ತದೆ."

"ನಂದು?"

"ನಿಂದು ಬುಧವಾರ ಬಿಡ್ತದೆ," ಅಂದೆ.

ಬಸ್ಸು ಬಂತು. ಅವಳ ಕೈ ಹಿಡಿದು ಮೊದಲು ಅವಳನ್ನು ಹತ್ತಿಸಿದೆ.